ಮಾರಿ ಕಾಣಂಗಿಲ್ಲ

ಎರಡೂ ಕ್ಯಾಮೆರಾಗಳು ಊಟದ ಟೇಬಲ್ಲಿನ ಮೇಲೆ, ಶೇಂಗಾ ಚಟ್ನಿಯ ಡಬ್ಬಿಯ ಪಕ್ಕದಲ್ಲಿ, ರಾತ್ರಿ ಇಟ್ಟ ಹಾಗೆಯೇ ಇದ್ದವು. ಯಾವುದನ್ನು ಕೊಳ್ಳಬೇಕೆಂದು ಈ ಸಂಜೆಯೊಳಗೆ ಕಾಲೇಜಿಗೆ ಹೇಳಬೇಕಿತ್ತು. ಹೇಳುವುದೇನೂ ಉಳಿದಿರಲಿಲ್ಲ. ದೊಡ್ಡದೇ ಒಳ್ಳೆಯದೆಂದು ನಿನ್ನೆ ಎಲ್ಲರೆದುರು ಸಾಬೀತಾಗಿ ಹೋಗಿತ್ತು. ಆದರೂ ಕ್ಷಮಾ ಎದ್ದಾಗಿನಿಂದ ಎರಡು ಸಲ ಟೇಬಲ್ಲಿನ ಹತ್ತಿರ ಬಂದು, ಒಮ್ಮೆ ಚಿಕ್ಕದನ್ನು ಕೈಗೆತ್ತಿಕೊಂಡು, ಮತ್ತೆ ಅಲ್ಲಿಯೇ ಇಟ್ಟು ಅಡುಗೆಮನೆಗೆ ಹೋಗಿದ್ದಳು. ಅತ್ತೆ ಅಕ್ಕಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಅವನ್ನ ಅತ್ತಾಗ ಇಡವಾ, ಉಣ್ಣೂವಾಗ ಬಾಯಿ ನೋಡ್ಕೋತ ಕುಂತಂಗ ಆಗತೈತಿ" ಎಂದಳು. "ಅವಕ್ಕ ಬಾಯಿ ಕಾಣಂಗಿಲ್ರೀ ಅತ್ತಿ" ಎನ್ನುತ್ತಿದ್ದಂತೆ ಕ್ಷಮಾಳಿಗೆ ತನ್ನ ದನಿ ತನಗೇ ಅಪರಿಚಿತವಾಗಿ ಕೇಳಿಸಿತು. ಇದೇ ಮಾತನ್ನು, ಇದೇ ಸಮಾಧಾನದ ಇಳಿದನಿಯಲ್ಲಿ, ಅವಳು ಬನಹಟ್ಟಿಯ ಹೆಂಗಸರ ಮುಂದೆ ಎಷ್ಟು ಸಲ ಆಡಿದ್ದಳೋ ಲೆಕ್ಕವಿರಲಿಲ್ಲ.

ಆ ಕ್ಯಾಮೆರಾಗಳಿಗೆ ನಿಜವಾಗಿಯೂ ಬಾಯಿ ಕಾಣುವುದಿಲ್ಲ, ಕಣ್ಣು ಕಾಣುವುದಿಲ್ಲ. ತಮ್ಮೆದುರಿನ ವಸ್ತುವಿನ ಪ್ರತಿ ಬಿಂದುವೂ ಎಷ್ಟು ದೂರದಲ್ಲಿದೆ ಎಂಬುದಷ್ಟೇ ಅವುಗಳ ತಿಳಿವಳಿಕೆ. ದೊಡ್ಡದು ಕಣ್ಣಿಗೆ ಕಾಣದ ಬೆಳಕನ್ನು ಚೆಲ್ಲಿ, ಅದು ಮೈಗೆ ಬಡಿದು ಮರಳಿ ಬರುವುದಕ್ಕೆ ಹಿಡಿದ ಸಮಯವನ್ನು ಅಳೆಯುತ್ತದೆ. ಚಿಕ್ಕದು ಮನುಷ್ಯರ ಹಾಗೆ ಎರಡು ಕಣ್ಣುಗಳಿಂದ ನೋಡಿ ದೂರವನ್ನು ಅಂದಾಜು ಮಾಡುತ್ತದೆ. ಆ ದೂರಗಳಿಂದ ಕಂಪ್ಯೂಟರು ಒಂದು ಕಡ್ಡಿಗೊಂಬೆಯನ್ನು ಬರೆಯುತ್ತದೆ. ತಲೆ, ಕುತ್ತಿಗೆ, ಭುಜ, ಮೊಣಕೈ, ಸೊಂಟ, ಮಂಡಿ, ಹಿಮ್ಮಡಿ. ಎದುರಿನ ಮನುಷ್ಯ ಕೈಯೆತ್ತಿದರೆ ಗೊಂಬೆಯೂ ಕೈಯೆತ್ತುತ್ತದೆ. ಬನಹಟ್ಟಿಯ ನೂಲಿನ ಶೆಡ್ಡಿನ ಹೆಂಗಸರು ಅದಕ್ಕೆ ಎಲಬಿನ ಗೊಂಬಿ ಎಂದು ಹೆಸರಿಟ್ಟಿದ್ದರು. ಚಿಕ್ಕ ಕ್ಯಾಮೆರಾದ ಗೊಂಬೆ ನೀರಿನಲ್ಲಿ ಬಿದ್ದ ನೆರಳಿನ ಹಾಗೆ ಅಲುಗಾಡುತ್ತಿತ್ತು. ಕೆಲವೊಮ್ಮೆ ಮಶೀನಿನ ಸರಳನ್ನೇ ತೋಳೆಂದು ತಿಳಿದು ಎಳೆದುಕೊಳ್ಳುತ್ತಿತ್ತು. ದೊಡ್ಡದರ ಗೊಂಬೆ ಹಾಗಲ್ಲ. ಶೆಡ್ಡಿನಲ್ಲಿ ಸದಾ ಹಾರುವ ನೂಲಿನ ಧೂಳು ಮೊದಮೊದಲು ಅದನ್ನೂ ಕಾಡಿತ್ತು. ಆ ಧೂಳಿನ ಚುಕ್ಕೆಗಳನ್ನು ಹೆಕ್ಕಿ ತೆಗೆಯುವ ಪ್ರೋಗ್ರಾಮನ್ನು ಕ್ಷಮಾ ತಾನೇ ಬರೆದಿದ್ದಳು, ತಿಂಗಳುಗಟ್ಟಲೆ, ಮನೆಗೆಲಸ ಮುಗಿದ ಮೇಲೆ. ಅವಳು ಕಲಿಸುತ್ತಿದ್ದ ಜಮಖಂಡಿಯ ಕಾಲೇಜಿನಲ್ಲಿ ಅವಳು ಬರೆದ ಬೇರೆ ಯಾವುದನ್ನೂ ಯಾರೂ ಕೇಳಿರಲಿಲ್ಲ. ವಿಭಾಗದ ಮುಖ್ಯಸ್ಥ ಗಂಗಾರಾಮ ಸರ್ ಮೀಟಿಂಗಿನ ನಡುವೆ, "ಮೇಡಂರ, ಒಂದೀಟ ಚಹಾ ಹೇಳಿ ಬರ್ರಿ" ಎನ್ನುತ್ತಿದ್ದುದು ಅವಳಿಗೇ. ಅವಳು ಎದ್ದು ಹೋಗಿ ಹೇಳಿಬರುತ್ತಿದ್ದಳು, ಬಂದಾಗ ಮಾತು ಮುಂದೆ ಹೋಗಿರುತ್ತಿತ್ತು.

ಉದ್ದೇಶ ಒಳ್ಳೆಯದಿತ್ತು. ಅದನ್ನು ಅವಳು ತನಗೆ ತಾನೇ ಹೇಳಿಕೊಳ್ಳುತ್ತ ಬಸ್ಸಿಗೆ ಹೊರಟಳು, ಎರಡೂ ಕ್ಯಾಮೆರಾಗಳನ್ನು, ಲ್ಯಾಪ್‌ಟಾಪನ್ನು ಚೀಲಕ್ಕೆ ತುಂಬಿಕೊಂಡು. ಶೆಡ್ಡಿನಲ್ಲಿ ಬಿಟ್ಟುಬಂದಿದ್ದ ಸ್ಟ್ಯಾಂಡನ್ನು ತರಬೇಕು ಎಂಬುದು ನೆವ. ಪರಮಾನಂದ ಸಾವಕಾರರ ಶೆಡ್ಡಿನಲ್ಲಿ ಮಗ್ಗಗಳಿಗೆ ನೂಲಿನ ಕಂಡಿಕೆ ಸುತ್ತುವ ಹೆಂಗಸರ ಬೆನ್ನು, ಭುಜ, ಕುತ್ತಿಗೆಗಳು ಎಲ್ಲಿ ಸವೆಯುತ್ತವೆ ಎಂದು ಅಳೆದು, ಅದಕ್ಕೆ ತಕ್ಕಂತೆ ಕೂಡುವ ಮಣೆಯ ಎತ್ತರ, ನೂಲಿನ ಕೋನು ಇಡುವ ಸಾಲಿನ ಎತ್ತರಗಳನ್ನು ಬದಲಿಸುವುದು. ಇದರಲ್ಲಿ ಕೆಟ್ಟದ್ದೇನಿದೆ. ಆದರೆ ಹೆಂಗಸರು ಮೊದಲು ಒಪ್ಪಿರಲಿಲ್ಲ. ಮೊಬೈಲಿನಲ್ಲಿ ಹಾಕಿಬಿಡುತ್ತಾರೆ, ಗಂಡಸರು ನೋಡುತ್ತಾರೆ, ಸೆರಗು ಜಾರಿದ್ದು ಕುಪ್ಪಸ ಹರಿದದ್ದು ಎಲ್ಲ ಬರುತ್ತದೆ ಎಂದು ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದರು. ಆಗ ಮುಂದೆ ಬಂದವಳು ಮರೆವ್ವ. ಎಲ್ಲರಿಗಿಂತ ಹಳಬಳು, ಬಾಯಿ ಜೋರು, ಹೊಸ ಹುಡುಗಿಯರ ಕಂಡಿಕೆ ಸಡಿಲಾದರೆ ಎಲ್ಲರಿಗೂ ಕೇಳುವಂತೆ ಬೈಯುವವಳು. "ಬಾಯಾರ, ಮಾರಿ ಕಾಣತೈತೋ ಇಲ್ಲೋ? ಅದೊಂದ ಹೇಳ್ರಿ" ಎಂದು ಮುಖದ ಬಗ್ಗೆಯೇ ಕ್ಷಮಾಳನ್ನು ಕೇಳಿದ್ದಳು. "ಮಾರಿ ಕಾಣಂಗಿಲ್ಲ ಮರೆವ್ವಾ" ಎಂದು ಕ್ಷಮಾ, ಕ್ಯಾಮೆರಾದಲ್ಲಿದ್ದ ಬಣ್ಣ ನೋಡುವ ಕಣ್ಣಿಗೆ ಅವರೆದುರೇ ಕಪ್ಪು ಟೇಪು ಹಚ್ಚಿ ತೋರಿಸಿದ್ದಳು. ಮರೆವ್ವ ಆ ಟೇಪನ್ನು ಉಗುರಿನಿಂದ ಕೆರೆದು ನೋಡಿ, ತಿರುಗಿ, "ಕಾಣಂಗಿಲ್ಲಂತ. ಬಾಯಾರು ಮಾತ ಕೊಟ್ಟಾರ. ಬರ್ರಿ ಬೇ" ಎಂದು ಎಲ್ಲರನ್ನೂ ಕರೆದಿದ್ದಳು.

ಆದರೆ ಕ್ಷಮಾಳಿಗೆ ಆ ಹೊತ್ತಿಗಾಗಲೇ ಗೊತ್ತಿತ್ತು. ಬಸ್ಸಿನ ಕಿಟಕಿಯಾಚೆ ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಎದುರಾಗುತ್ತಿದ್ದವು, ಡ್ರೈವರು ಒಂದೊಂದಕ್ಕೂ ದಾರಿ ಬಿಡುತ್ತ ಬೈಯುತ್ತಿದ್ದ, ಇವಳ ಮನಸ್ಸು ಬೇಡವೆಂದರೂ ಅಲ್ಲಿಗೇ ಹೋಗಿ ನಿಲ್ಲುತ್ತಿತ್ತು. ಶೆಡ್ಡಿಗೆ ಒಯ್ಯುವ ಮುಂಚೆ ಕ್ಯಾಮೆರಾಗಳನ್ನು ಮನೆಯ ಪಡಸಾಲೆಯಲ್ಲಿ ಇಟ್ಟು, ತಾನೇ ಅಡ್ಡಾಡಿ, ಕಸ ಹೊಡೆದು, ಅರಿವೆ ಮಡಚಿ, ಹಿಡಿದು ನೋಡಿದ್ದಳು. ರೆಕಾರ್ಡು ತಿರುಗಿಸಿದಾಗ ಹಸಿರು ಗೊಂಬೆ ಸಲೀಸಾಗಿ ಓಡಾಡಿಕೊಂಡಿತ್ತು. ಒಂದೆಡೆ ಮಾತ್ರ ಅದು ತಟ್ಟನೆ ಬದಲಾಯಿತು. ಭುಜಗಳೆರಡೂ ಕಿವಿಯತ್ತ ಏರಿದವು, ಮೊಣಕೈಗಳು ಮೈಗೆ ಅಂಟಿದವು, ಗೊಂಬೆ ಅರ್ಧ ಗೋಡೆಯ ಕಡೆ ತಿರುಗಿಕೊಂಡಿತು. ಏನಾಯಿತೆಂದು ಹಿಂದೆ ಸರಿಸಿ ನೋಡಿದರೆ, ಅದು ಗಂಡ ವೃಷಭ ಬಾಗಿಲಿನಿಂದ ಒಳಗೆ ಬಂದ ಗಳಿಗೆ. ಅವನು ಬೈಯುವವನಲ್ಲ, ಕೈಯೆತ್ತುವವನಂತೂ ಅಲ್ಲವೇ ಅಲ್ಲ; ಪಂಪ್‌ಸೆಟ್ಟಿನ ಅಂಗಡಿ ಮುಚ್ಚಿ ಬಂದು ಊಟ ಕೇಳಿ ಮಲಗುವವನು. ಆದರೂ ಗೊಂಬೆ ಹಾಗೆ ಮಾಡಿತ್ತು. ಮುಖವಿಲ್ಲದ, ಸೀರೆಯಿಲ್ಲದ, ಕೂದಲಿಲ್ಲದ ಆ ಕಡ್ಡಿಗಳು ಯಾರವೆಂದು ಬೀದಿಯಲ್ಲಿ ಯಾರನ್ನು ನಿಲ್ಲಿಸಿ ಕೇಳಿದರೂ ಹೇಳುತ್ತಾರೆ, ಅಷ್ಟೇ ಅಲ್ಲ, ಅವಳ ಸಂಸಾರ ಹೇಗಿದೆ ಎಂದೂ ಹೇಳುತ್ತಾರೆ ಎನಿಸಿ ಅವಳ ಕಿವಿ ಬಿಸಿಯಾಗಿತ್ತು. ಆ ರೆಕಾರ್ಡನ್ನು ಅಳಿಸಿದಳು. ಕಸದ ಬುಟ್ಟಿಗೆ ಹೋದದ್ದನ್ನು ಅಲ್ಲಿಂದಲೂ ಅಳಿಸಿದಳು. ಆಮೇಲೆ ಬನಹಟ್ಟಿಗೆ ಹೋಗಿ ಮಾರಿ ಕಾಣಂಗಿಲ್ಲ ಎಂದಳು.

ಸುಳ್ಳೇನೂ ಅಲ್ಲವಲ್ಲ ಅದು. ಮುಖ ಕಾಣಲಿಲ್ಲ. ನಿನ್ನೆ ಮಧ್ಯಾಹ್ನ ಮಗ್ಗದ ಮಾಲೀಕರ ಸಭೆಯಲ್ಲಿ, ಪರದೆ ಎಳೆದು ಕತ್ತಲು ಮಾಡಿದ ಹಾಲಿನಲ್ಲಿ, ಸುಣ್ಣದ ಗೋಡೆಯ ಮೇಲೆ ಯಾರ ಮುಖವೂ ಕಾಣಲಿಲ್ಲ. ಮೊದಲು ಚಿಕ್ಕ ಕ್ಯಾಮೆರಾದ ಗೊಂಬೆಯನ್ನು ಹಾಕಿದಳು. ಅದರ ತೋಳು ಒಮ್ಮೆ ಸೊಂಟದಿಂದ ಹೊರಟಿತು, ಒಮ್ಮೆ ತಲೆಯ ಮೇಲೆ ಕೋಡಾಯಿತು. ಮಾಲೀಕರು ನಕ್ಕರು. ಗಂಗಾರಾಮ ಸರ್ ಕೂಡ ನಕ್ಕು ಇವಳತ್ತ ನೋಡಿದರು, ಏನಿದು ಎನ್ನುವ ಹಾಗೆ. ಆಗ ದೊಡ್ಡದನ್ನು ಹಾಕಿದಳು. ನಗು ನಿಂತಿತು. ಗೋಡೆಯ ಮೇಲೆ ಒಂದು ಹೆಣ್ಣು ಜೀವ, ಹಸಿರು ಕಡ್ಡಿಗಳಲ್ಲಿ, ಮಣೆಯ ಮೇಲೆ ಕೂತು ಕುತ್ತಿಗೆಯನ್ನು ಒಂದು ಬದಿಗೆ ಚಾಚಿ ಕಂಡಿಕೆ ಸುತ್ತುತ್ತಿತ್ತು. ಅದು ಎದ್ದಿತು. ಕೋನನ್ನು ಬಲಗೈಯಲ್ಲಿ ಹಿಡಿಯಿತು. ಆಮೇಲೆ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಳ್ಳುವಂತೆ ತಲೆಯನ್ನು ಅತ್ತಿತ್ತ ತಿರುಗಿಸಿ, ಎಡಗೈಯಿಂದ ಬಲಮೊಣಕೈಯನ್ನು ಹಿಡಿದು ಮೇಲಕ್ಕೆ ನೂಕಿತು. ಹಾಲಿನಲ್ಲಿ ಯಾರೋ ಆಹಾ ಎಂದರು. ಕ್ಷಮಾಳ ಮೈ ಜುಮ್ಮೆಂದಿತು. ಇಷ್ಟೊಂದು ಗಂಡಸರು ಇಷ್ಟು ಹೊತ್ತು ಅವಳ ಕೆಲಸವನ್ನು ಬಾಯಿ ತೆರೆದು ನೋಡಿದ್ದು ಅದೇ ಮೊದಲು.

"ಇದು ಹಾಲವ್ವ ಅಲ್ಲೇನ?" ಎಂದ ಮುಂದಿನ ಸಾಲಿನ ಒಬ್ಬ.

"ಹಾಲವ್ವ ಎಲ್ಲಿ ಹಿಂಗ ಕುಂದರತಾಳೋ ಮಾರಾಯಾ" ಎಂದ ಇನ್ನೊಬ್ಬ. ಎಲ್ಲರಿಗೂ ಮೋಜು ಹತ್ತಿತು. ಒಬ್ಬೊಬ್ಬರು ಒಂದೊಂದು ಹೆಸರು ಹೇಳತೊಡಗಿದರು. ಪರಮಾನಂದ ಸಾವಕಾರರು ಎದ್ದು ಗೋಡೆಯ ಹತ್ತಿರ ಹೋದರು. ಅವರ ನೆರಳು ಗೊಂಬೆಯ ಮೇಲೆ ಬಿತ್ತು. "ಇದು ನಮ್ಮ ಮರೆವ್ವ. ನೋಡ್ರಿ, ಕುತಿಗಿ ಹೆಂಗ ಚಾಚ್ಯಾಳ. ನಮ್ಮಪ್ಪನ ಕಾಲದಿಂದ ನೋಡಾಕತ್ತೇನಿ, ನನಗ ಗೊತ್ತಾಗಂಗಿಲ್ಲೇನು? ಹೌದಲ್ರೀ ಮೇಡಂರ?"

ಎಲ್ಲರೂ ಅವಳತ್ತ ತಿರುಗಿದರು. ಹೆಸರು ಹೇಳುವಂತಿಲ್ಲ ಎಂದು ಹೇಳಬಹುದಿತ್ತು. ಹಾಗೆ ಹೇಳಬೇಕೆಂದು ಅವಳೇ ನಿಯಮ ಬರೆದಿದ್ದಳು. ಗೊತ್ತಿಲ್ಲ ಎನ್ನಬಹುದಿತ್ತು. ಕ್ಷಮಾ ಹೌದು ಎನ್ನಲಿಲ್ಲ. ಇದನ್ನು ರಾತ್ರಿಯಿಡೀ ಮತ್ತೆ ಮತ್ತೆ ನೆನಪಿಸಿಕೊಂಡಿದ್ದಳು, ಹೌದು ಎನ್ನಲಿಲ್ಲ. ತಲೆ ಆಡಿಸಿದ್ದಳು ಅಷ್ಟೇ. ಮತ್ತು ಆಮೇಲೆ, ಯಾರೂ ಕೇಳದೆ, ಕೈಯಲ್ಲಿದ್ದ ಕಡ್ಡಿಯನ್ನು ಗೋಡೆಗೆ ಚಾಚಿ, "ಬಲಗೈ ಭುಜಕ್ಕಿಂತ ಮ್ಯಾಲ ಹೋಗಂಗಿಲ್ರಿ. ಎಡಗೈಲೆ ಎತ್ತತಾರ. ಬರೇ ಕಣ್ಣಿಗೆ ಇದು ತಿಳಿಯೂದಿಲ್ಲ, ಈ ಕ್ಯಾಮೆರಾಕ್ಕ ತಿಳೀತೈತಿ" ಎಂದಿದ್ದಳು.

ಸಾವಕಾರರು ಗೋಡೆಯತ್ತ ಇನ್ನೂ ಬಾಗಿ ನೋಡಿದರು. "ಪಾಪ," ಎಂದರು, ಮನಸ್ಸಿನಿಂದಲೇ. "ನನಗ ಗೊತ್ತ ಇರಲಿಲ್ಲ ನೋಡ್ರಿ. ಹೊಸಾ ಮಶೀನ ಬಂದ್ರ ಕೋನ ಇನ್ನೂ ಮ್ಯಾಲ ಇಡೂದೈತಿ. ಹೆಂಗ ಮಾಡ್ಯಾಳ ಆಕಿ." ಆಮೇಲೆ ಹಿಂದಿನಿಂದ ಯಾರೋ ಮುಂದಿಂದು ಹಾಕ್ರಿ, ಅದ್ಯಾರು ನೋಡೂಣು ಎಂದು ಕೂಗಿದರು. ಕ್ಷಮಾ ಮುಂದಿನದನ್ನು ಹಾಕಿದಳು. ಹೊರಗೆ ಬಂದಾಗ ಗಂಗಾರಾಮ ಸರ್ ಚಹಾದ ಕಪ್ಪನ್ನು ತಾವೇ ತಂದು ಅವಳ ಕೈಗೆ ಕೊಟ್ಟು, "ಭಾರಿ ಆತ್ರಿ ಮೇಡಂ. ನಾಳಿ ಸಂಜೀಕ ದೊಡ್ಡದ ಅಂತ ಒಂದ ಮಾತ ಹೇಳಿಬಿಡ್ರಿ, ಆರ್ಡರ ಹಾಕೂಣು" ಎಂದಿದ್ದರು.

ಬನಹಟ್ಟಿ ಬಂತು. ಬಸ್ಸಿಳಿದ ಕೂಡಲೇ ಮಗ್ಗಗಳ ಸದ್ದು ಕಾಲಿನಡಿಯಿಂದ ಮೈಗೆ ಏರಿತು. ಈ ಊರಿನವರು ಆ ಸದ್ದಿನ ಮೇಲೆ ದನಿಯೆತ್ತಿ ಮಾತಾಡಿ ಮಾತಾಡಿ, ಬೇರೆ ಊರಿಗೆ ಹೋದರೂ ಗಟ್ಟಿಯಾಗಿಯೇ ಮಾತಾಡುತ್ತಾರೆ. ತೇರದಾಳದ ತನ್ನ ತವರಿನಲ್ಲಿ ಬನಹಟ್ಟಿಯಿಂದ ಬರುತ್ತಿದ್ದ ದೊಡ್ಡಮ್ಮನೊಬ್ಬಳ ದನಿ ಓಣಿಯ ತುದಿಗೇ ಕೇಳುತ್ತಿದ್ದುದು ನೆನಪಾಯಿತು. ಭಾದ್ರಪದದಲ್ಲಿ, ಜೈನರ ಪರ್ವ ಮುಗಿದ ಮರುದಿನ, ಆಕೆ ಮನೆಮನೆಗೆ ಹೋಗಿ ಎಲ್ಲರ ಕೈಹಿಡಿದು ಉತ್ತಮ ಕ್ಷಮಾ, ಉತ್ತಮ ಕ್ಷಮಾ ಎಂದು ವರ್ಷದ ತಪ್ಪುಗಳಿಗೆಲ್ಲ ಕ್ಷಮೆ ಕೇಳುತ್ತಿದ್ದಳು, ಬೈಗುಳದಷ್ಟೇ ಗಟ್ಟಿಯಾಗಿ. ಆ ದಿನವೇ ಹುಟ್ಟಿದ್ದಕ್ಕೆ ಇವಳಿಗೆ ಈ ಹೆಸರು. ಈಗ ಕ್ಷಮಾ ಅದನ್ನು ಮೊಬೈಲಿನಲ್ಲಿ ಮಾಡಿಬಿಡುತ್ತಾಳೆ, ಕೈಮುಗಿದ ಚಿತ್ರವೊಂದನ್ನು ಇದ್ದಬದ್ದ ಹೆಸರುಗಳಿಗೆಲ್ಲ ಒಮ್ಮೆಲೇ ಕಳಿಸಿ. ಮರೆವ್ವನ ನಂಬರು ಅವಳ ಬಳಿ ಇರಲಿಲ್ಲ.

ಶೆಡ್ಡಿನೊಳಗೆ ಮರೆವ್ವನ ಮಣೆಯ ಮೇಲೆ ಬೇರೆ ಹುಡುಗಿ ಕೂತಿದ್ದಳು. ಹೊಸದಾಗಿ ಬಂದವರ ಅವಸರದಲ್ಲಿ, ತಲೆಯೆತ್ತದೆ ಕಂಡಿಕೆ ಸುತ್ತುತ್ತಿದ್ದಳು. ಪಕ್ಕದಲ್ಲಿದ್ದ ಹಾಲವ್ವ, ಕ್ಷಮಾಳನ್ನು ಕಂಡದ್ದೇ ಮುಖ ತಿರುಗಿಸಿ, ನೂಲಿಗೆ ಹೇಳುವಂತೆ, "ಮರೆವ್ವನ ಸೊಸಿರಿ. ಕಾವ್ಯ" ಎಂದಳು. ಹುಡುಗಿ ತಲೆಯೆತ್ತಿ ನಕ್ಕಳು. ಆ ನಗುವಿನಲ್ಲಿ ನಾಚಿಕೆಯೂ ಇತ್ತು, ಅದಕ್ಕಿಂತ ಹೆಚ್ಚಾಗಿ ಸಂತೋಷವಿತ್ತು. ಮದುವೆಯಾದಾಗಿನಿಂದ ಹೊರಗಿನ ಕೆಲಸಕ್ಕೆ ಬಿಡದ ಅತ್ತೆ ಈಗ ಮನೆಯಲ್ಲಿದ್ದಳು, ತಾನು ಇಲ್ಲಿದ್ದಳು. "ನಿನ್ನಿ ಸಂಜೀಕ ಸಾವಕಾರ್ರ ಬಂದು ಹೇಳಿ ಹೋದ್ರರಿ" ಎಂದು ಮೇಲಿನ ಸಾಲಿಗೆ ಕೋನು ಇಟ್ಟಳು. ಅವಳ ತೋಳು ಎಷ್ಟು ಸರಾಗವಾಗಿ ಏರಿತೆಂದರೆ ಕ್ಷಮಾಳ ಕಣ್ಣು ತನಗರಿವಿಲ್ಲದೆ ಅದರ ಕೋನವನ್ನು ಅಳೆಯಿತು, ಆಮೇಲೆ ತನ್ನ ಬಗ್ಗೆ ಅವಳಿಗೆ ಅಸಹ್ಯವಾಯಿತು. ಮೂಲೆಯಲ್ಲಿದ್ದ ಸ್ಟ್ಯಾಂಡನ್ನು ಮಡಚಿ ಹೆಗಲಿಗೇರಿಸಿದಳು. ಯಾವ ಹೆಂಗಸೂ ಇವತ್ತು, ಬಾಯಾರ, ನೀರ ಕುಡೀತೀರೇನ್ರಿ ಎನ್ನಲಿಲ್ಲ.

ಮರೆವ್ವನ ಮನೆ ಶೆಡ್ಡಿನ ಹಿಂದಿನ ಓಣಿಯಲ್ಲಿ. ಅವಳು ಅಂಗಳದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು, ಮೊರವನ್ನು ಮಂಡಿಯ ಮೇಲಿಟ್ಟುಕೊಂಡು, ಎಡಗೈಯಿಂದ. ಕ್ಷಮಾಳನ್ನು ಕಂಡು ಸೆರಗು ಸರಿ ಮಾಡಿಕೊಂಡು ಎದ್ದಳು.

"ಬರ್ರಿ ಬಾಯಾರ. ಕುಂದರ್ರಿ. ಚಾ ಮಾಡಲೇನ್ರಿ?"

"ಬ್ಯಾಡ ಮರೆವ್ವಾ. ನಿನ್ನಿ..."

"ನಿನ್ನಿ ಸಾವಕಾರ್ರ ಬಂದಿದ್ರು. ಇಷ್ಟ ವರ್ಷದಾಗ ನಮ್ಮ ಬಾಗಲಾ ತುಳದಾವರಲ್ಲ, ಬಂದ್ರು. ಇಲ್ಲೇ ನಿಂತು, 'ಆರಾಮ ಮಾಡು ಮರೆವ್ವಾ, ಭಾಳ ದುಡಿದಿ, ಇನ್ನ ಸೊಸಿ ಬರಲಿ' ಅಂದ್ರು. ಬೈದಿದ್ರ ಛಲೋ ಇತ್ತು ನೋಡ್ರಿ. ಬೈದಿದ್ರ ನಾನೂ ಬೈತಿದ್ದೆ." ಮರೆವ್ವ ಕಲ್ಲೊಂದನ್ನು ಹೆಕ್ಕಿ ಎಸೆದಳು. "ಆಕಿ ಮುಂಜಾನೆ ಹೋಗೂವಾಗ, 'ಅತ್ತಿ, ರೊಟ್ಟಿ ಮುಚ್ಚಿಟ್ಟೇನಿ, ಉಣ್ರಿ' ಅಂದಳು. ನನಗ. ಇನ್ನ ಮ್ಯಾಲ ಆಕಿ ಬಡಿಸಿದಷ್ಟ ಉಣ್ಣೂದು."

ಕ್ಷಮಾ ಕಟ್ಟೆಯ ಮೇಲೆ ಕೂತಳು. "ಕೈ ಯಾವಾಗಿಂದ ಹಿಂಗ ಆಗೈತಿ? ದವಾಖಾನಿಗೆ ತೋರಿಸೂಣು" ಎಂದಳು.

"ಕೈ ಇರಲಿ ಬಿಡ್ರಿ. ಮಾರಿ ಕಾಣಂಗಿಲ್ಲ ಅಂದಿದ್ರಿ."

"ಕಾಣಲಿಲ್ಲ ಮರೆವ್ವಾ. ಖರೇನ ಕಾಣಲಿಲ್ಲ."

"ಅದನ್ನ ಅನ್ನಾಕತ್ತೇನಿ ನಾನೂ. ಮಾರಿ ಕಾಣಲಿಲ್ಲಲ್ಲ, ಮತ್ತ ನೀವು 'ಇದು ಮರೆವ್ವ ಅಲ್ಲ' ಅಂದಿದ್ರ ಯಾರ ಏನ ಅನ್ನಾವರಿದ್ರು? 'ಬ್ಯಾರೇ ಯಾರೋ ಅದಾಳ' ಅಂದಿದ್ರ ಮುಗೀತಿತ್ತು. ಒಂದ ಮಾತ್ರಿ ಬಾಯಾರ. ನಿಮಗೇನ ಕಮ್ಮಿ ಆಗತಿತ್ತು?"

ಏನು ಕಡಿಮೆಯಾಗುತ್ತಿತ್ತು ಎಂಬುದು ಕ್ಷಮಾಳಿಗೆ ಗೊತ್ತಿತ್ತು. ಆ ಆಹಾ ಎಂಬ ಉದ್ಗಾರ ಕಡಿಮೆಯಾಗುತ್ತಿತ್ತು. ಆದರೆ ಅದನ್ನು ಈ ಅಂಗಳದಲ್ಲಿ ಹೇಗೆ ಹೇಳುವುದು. ಅವಳು ಬಾಗಿ ಚೀಲದ ಜಿಪ್ಪನ್ನು ಎಳೆದಳು, ಮುಚ್ಚಿದಳು. ಅಳು ಬರಬಹುದೆಂದು ಕಾದಳು, ಬರಲಿಲ್ಲ. ಬಂದಿದ್ದರೆ ಅನುಕೂಲವಾಗುತ್ತಿತ್ತು. ಚೀಲವನ್ನು ಕಂಡ ಮರೆವ್ವ ಮೊರವನ್ನು ಕೆಳಗಿಟ್ಟು ಎದ್ದು ನಿಂತಳು.

"ತಂದೀರಿ ಅದನ್ನ? ಹಂಗಾರ ಇನ್ನೊಮ್ಮಿ ತಗೀರಿ ನಂದು. ರಾತ್ರಿ ಎಣ್ಣಿ ಕಾಸಿ ತಿಕ್ಕೊಂಡೇನಿ, ಇವತ್ತ ಏರತೈತಿ. ಏರಿದ್ದ ತಗದು ಸಾವಕಾರ್ರಿಗೆ ತೋರಸ್ರಿ. ಆವತ್ತ ಬ್ಯಾನಿ ಇತ್ತು, ಇವತ್ತಿಲ್ಲ ಅಂತ ಹೇಳ್ರಿ."

ಒಳಗೆ ತೆಗೆಯಲು ಜಾಗವಿರಲಿಲ್ಲ. ಇಡೀ ಮೈ ಹಿಡಿಯಬೇಕಾದರೆ ಇಷ್ಟು ದೂರವಾದರೂ ಬೇಕು, ಆ ಮನೆಯ ಎದುರುಗೋಡೆ ಅದಕ್ಕಿಂತ ಹತ್ತಿರವಿತ್ತು. ಅಂಗಳದಲ್ಲಿ ಆಶ್ವೀಜದ ಬಿಸಿಲು ಚುರುಚುರು ಎನ್ನುತ್ತಿತ್ತು. ಕ್ಷಮಾ ಸ್ಟ್ಯಾಂಡು ನಿಲ್ಲಿಸಿದಳು. ಚೀಲಕ್ಕೆ ಕೈ ಹಾಕಿದಾಗ ಎರಡೂ ತಗುಲಿದವು. ದೊಡ್ಡದು ಬಿಸಿಲಿನಲ್ಲಿ ಕುರುಡು, ಅದು ಚೆಲ್ಲುವ ಬೆಳಕೆಲ್ಲ ಸೂರ್ಯನ ಬೆಳಕಿನಲ್ಲಿ ಮುಳುಗಿಹೋಗುತ್ತದೆ. ಇದು ಅವಳಿಗೆ ಗೊತ್ತಿತ್ತು. ಚಿಕ್ಕದಕ್ಕೆ ಬಿಸಿಲಿನ ಅಡ್ಡಿಯಿಲ್ಲ. ಚಿಕ್ಕದನ್ನಿಟ್ಟರೆ ಗೊಂಬೆ ಬರುತ್ತದೆ, ಅಲುಗಾಡುತ್ತ ಬರುತ್ತದೆ, ಮತ್ತು ಅದರ ತೋಳು ಎಲ್ಲಿ ನಿಲ್ಲುತ್ತದೆಂಬುದು ಕಾಣುತ್ತದೆ. ಅವಳ ಕೈ ದೊಡ್ಡದನ್ನು ಎತ್ತಿಕೊಂಡಿತು. ಏನೂ ಕಾಣದಿರುವುದೇ ಈ ಹೊತ್ತಿನ ದಯೆ ಎಂದು ಅಂದುಕೊಂಡಳು, ಮರುಕ್ಷಣವೇ ಆ ದಯೆ ಯಾರ ಮೇಲೆ ಎಂಬ ಅನುಮಾನ ಬಂತು.

ಮರೆವ್ವ ಬಿಸಿಲಿನಲ್ಲಿ, ತುಳಸಿಕಟ್ಟೆಯ ಪಕ್ಕ, ಫೋಟೋಕ್ಕೆ ನಿಲ್ಲುವವರ ಹಾಗೆ ಗಟ್ಟಿಯಾಗಿ ನಿಂತಳು. ಬಲಗೈ ಎತ್ತತೊಡಗಿದಳು. ತೋಳು ಭುಜದವರೆಗೆ ಏರಿ ಅಲ್ಲಿ ಸಿಕ್ಕಿಕೊಂಡಿತು. ಅವಳು ತುಟಿ ಕಚ್ಚಿದಳು. ತೋಳು ಮೇಲೆ ಹೋದಂತೆ ಕಾಣಲೆಂದು ಇಡೀ ಮೈಯನ್ನು ಎಡಕ್ಕೆ ವಾಲಿಸಿದಳು. ಹಣೆಯ ಕುಂಕುಮ ಬೆವರಿನಲ್ಲಿ ಕರಗಿ ಮೂಗಿನತ್ತ ಇಳಿಯಿತು. ಲ್ಯಾಪ್‌ಟಾಪಿನ ಕಪ್ಪು ಪರದೆಯ ಮೇಲೆ ಹೊಟ್ಟು ತೂರಿದಂತೆ ಚುಕ್ಕೆಗಳು ಹಾರಾಡುತ್ತಿದ್ದವು. ಅಲ್ಲಿ ಮನುಷ್ಯರು ಯಾರೂ ಇರಲಿಲ್ಲ.

"ಬಂತೇನ್ರಿ?"

"ಬಂತು."

"ಮ್ಯಾಲ ಹೋತಲ್ರಿ?"

"ಹೋತು ಮರೆವ್ವಾ. ಸಾಕು, ಇಳಸ್ರಿ."

"ತಡೀರಿ, ಇನ್ನೂ ಹೋಗತೈತಿ" ಎಂದು ಮರೆವ್ವ ಉಸಿರು ಬಿಗಿಹಿಡಿದಳು. ಕ್ಷಮಾ ಪರದೆಯನ್ನು ನೋಡುತ್ತಲೇ ಇದ್ದಳು, ಏಕೆಂದರೆ ತಲೆಯೆತ್ತಿದರೆ ಅವಳನ್ನು ನೋಡಬೇಕಿತ್ತು.

ಸಾವಕಾರರ ಆಫೀಸಿಗೆ ಹೋಗುವ ದಾರಿಯಲ್ಲಿ ಅವಳು ನಿಜವಾಗಿಯೂ ನಿರ್ಧಾರ ಮಾಡಿದ್ದಳು. ನಿನ್ನೆಯದು ತಪ್ಪು, ಹೆಸರುಗಳು ಅದಲುಬದಲಾಗಿವೆ, ಕ್ಯಾಮೆರಾ ಎಡವಿದೆ, ಯಾವುದಾದರೊಂದು ಹೇಳುವುದು. ಮರೆವ್ವ ಕೇಳಿದ ಒಂದು ಮಾತು, ಒಂದು ದಿನ ತಡವಾಗಿ. ಪರಮಾನಂದ ಸಾವಕಾರರು ಅವಳನ್ನು ಕಂಡು ಖುರ್ಚಿಯಿಂದ ಅರ್ಧ ಎದ್ದರು. "ಬರ್ರಿ ಮೇಡಂರ. ಈಗರ ಗಂಗಾರಾಮ ಸರ್ ಜೋಡಿ ನಿಮ್ಮದ ಮಾತ ಆತು. ಅಂಥಾದ್ದೊಂದ ನಮ್ಮ ಶೆಡ್ಡಿಗೂ ಕಾಯಂ ಕುಂದರಸೂಣು ಅಂತೇನಿ. ಯಾರ್ಯಾರಿಗೆ ಎಲ್ಲೆಲ್ಲಿ ಬ್ಯಾನಿ ಅದಾವ, ತಿಳೀತೈತಲ್ರಿ."

"ಸರ್, ನಿನ್ನಿ ತೋರಿಸಿದ್ರಾಗ... ಸ್ವಲ್ಪ ತಪ್ಪ ಆಗಿರಬಹುದ್ರಿ."

"ತಪ್ಪ?"

"ಅದು ಮರೆವ್ವ ಇರಲಿಕ್ಕಿಲ್ರಿ."

ಅವರು ನಕ್ಕರು. ಆ ನಗುವಿನಲ್ಲಿ ಮಗಳ ವಯಸ್ಸಿನವಳ ಮೇಲಿನ ಅಂತಃಕರಣವಿತ್ತು. "ನೀವು ಭಾಳ ಛಲೋ ಮನಷ್ಯಾರು. ಆದ್ರ ಮರೆವ್ವನ್ನ ನಾ ಗುರತ ಹಿಡಿಯಂಗಿಲ್ಲೇನ್ರಿ? ಆಕಿನ ಅದು. ಇಲ್ಲಾ, ಕೈ ಏರಂಗಿಲ್ಲ ಅಂತ ಕ್ಯಾಮೆರಾನ ತಪ್ಪ ತೋರಿಸೇತಿ ಅಂತೀರೇನು? ಹಂಗಿದ್ರ ಹೇಳ್ರಿ ಮತ್ತ. ತಪ್ಪ ತೋರಿಸೂದಕ್ಕ ಅಷ್ಟ ದೊಡ್ಡದ್ಯಾಕ ಬೇಕು, ಸಣ್ಣದ ಸಾಕಲ್ಲ. ಗಂಗಾರಾಮ ಸರಗ ಈಗ ಫೋನ್ ಮಾಡತೇನಿ." ಅವರ ಕೈ ಮೊಬೈಲಿನತ್ತ ಹೋಯಿತು. ಬೆದರಿಕೆಯೇನೂ ಇರಲಿಲ್ಲ ಅದರಲ್ಲಿ, ಹೇಳಿದ್ದನ್ನು ಮಾಡುವ ಮನುಷ್ಯ ಅಷ್ಟೇ. ಕ್ಷಮಾಳ ಕಣ್ಣ ಮುಂದೆ ಸೊಂಟದಿಂದ ತೋಳು ಹೊರಟ ಗೊಂಬೆ ಬಂತು, ಅದಕ್ಕೆ ನಕ್ಕ ಸಭೆ ಬಂತು, ಏನಿದು ಎನ್ನುವಂತೆ ತಿರುಗಿದ ಗಂಗಾರಾಮ ಸರ್ ಮುಖ ಬಂತು. ನೂಲಿನ ಧೂಳನ್ನು ಚುಕ್ಕೆ ಚುಕ್ಕೆಯಾಗಿ ಹೆಕ್ಕಿ ತೆಗೆದ ಅಷ್ಟು ರಾತ್ರಿಗಳು ಬಂದವು. ಮೀಟಿಂಗಿನಲ್ಲಿ ಮತ್ತೆ ಚಹಾ ಹೇಳಿಬರಲು ಏಳಬೇಕಾದ ಖುರ್ಚಿ ಬಂತು.

"ಇಲ್ರಿ" ಎಂದಳು, ಅವಸರದಲ್ಲಿ, ಬೇಕಾದ್ದಕ್ಕಿಂತ ಗಟ್ಟಿಯಾಗಿ. "ದೊಡ್ಡದ ಸರಿ ಐತ್ರಿ. ಅದು ತಪ್ಪ ತೋರಿಸೂದಿಲ್ಲ."

"ಅಂದ್ರ ಮರ್ಯಾದಿಗೆ ಅಂದ್ರಿ, ಆಕಿ ಅಲ್ಲ ಅಂತ."

"ಹೌದ್ರಿ."

"ಕೈ ಏರದ್ದು ಖರೆ."

"ಖರೇರಿ."

"ಇರಲಿ ಬಿಡ್ರಿ. ಮರೆವ್ವನ ನಾ ಬಿಟ್ಟಹಾಕಂಗಿಲ್ಲ. ದೀಪಾವಳಿಗೆ ಸೀರಿ ಕೊಡತೇನಿ" ಎಂದು ಅವರು ಚಹಾ ತರಿಸಿದರು. ಕ್ಷಮಾ ಅದನ್ನು ಪೂರ್ತಿ ಕುಡಿದಳು. ಅಲ್ಲಿಯೇ, ಅವರೆದುರಿಗೇ, ಗಂಗಾರಾಮ ಸರ್‌ಗೆ ಮೆಸೇಜು ಕಳಿಸಿದಳು, ದೊಡ್ಡದು ಎಂದು. ಅವರಿಂದ ತಟ್ಟನೆ ಮೇಲೆತ್ತಿದ ಹೆಬ್ಬೆರಳಿನ ಚಿತ್ರ ಬಂತು.

ಹೊರಗೆ ಗೇಟಿನ ಬಳಿ ಮರೆವ್ವ ನಿಂತಿದ್ದಳು. ಒಗೆದ ಸೀರೆ ಉಟ್ಟು, ತಲೆ ಬಾಚಿ, ಕೆಲಸಕ್ಕೆ ಬರುವಾಗಿನ ಹಾಗೆ ಬುತ್ತಿ ಗಂಟನ್ನು ಎಡಗೈಯಲ್ಲಿ ಹಿಡಿದಿದ್ದಳು. ಕುಂಕುಮವನ್ನು ಹೊಸದಾಗಿ ಹಚ್ಚಿಕೊಂಡಿದ್ದಳು.

"ತೋರಿಸಿದ್ರೇನ್ರಿ?"

ಕ್ಷಮಾ ಹೆಗಲ ಮೇಲಿನ ಸ್ಟ್ಯಾಂಡನ್ನು ಈ ಕಡೆಯಿಂದ ಆ ಕಡೆಗೆ ಬದಲಿಸಿದಳು. "ಮಾತಾಡೇನಿ ಮರೆವ್ವಾ."

"ಏನಂದ್ರು?"

"ಒಳಗ ಅದಾರು. ನೀವ ಹೋಗಿ ಭೆಟ್ಟಿ ಆಗ್ರಿ."

ಮರೆವ್ವನ ಮುಖ ಅರಳಿತು. "ನಿಮ್ಮ ಹೊಟ್ಟಿ ತಣ್ಣಗಿರಲಿ ತಾಯಿ. ನಾ ಏನೇನೋ ಅಂದೆ, ಮನಸಿಗೆ ಹಚ್ಕೋಬ್ಯಾಡ್ರಿ" ಎಂದು ಅವಳ ಗದ್ದ ಮುಟ್ಟಿ, ಬಲಗೈಯನ್ನು ಬೇಕೆಂದೇ ಬೀಸುತ್ತ, ಕಾವಲಿನವನಿಗೆ ಕಾಣುವಂತೆ ಬೀಸುತ್ತ, ಗೇಟು ದಾಟಿ ಒಳಗೆ ಹೋದಳು.

ಎದುರಿಗೆ ಜಮಖಂಡಿಯ ಕಡೆ ಹೋಗುವ ಟಂಟಂ ಆಟೋ ನಿಂತಿತ್ತು. ಕ್ಷಮಾ ಓಡುವಂತೆ ಹೋಗಿ, ಗೇಟಿಗೆ ಬೆನ್ನು ಮಾಡಿ ಕೂತು, "ಲಗೂ ಬಿಡಪಾ" ಎಂದಳು. "ಇನ್ನ ಇಬ್ಬರು ಬರಲಿ ಅಕ್ಕಾರ" ಎಂದ ಡ್ರೈವರು, ತಂಬಾಕು ತಿಕ್ಕುತ್ತ. ಆಗ ಕರೆಂಟು ಹೋಯಿತು. ಶೆಡ್ಡಿನ ಮಗ್ಗಗಳು, ಪಕ್ಕದ ಶೆಡ್ಡಿನವು, ಇಡೀ ಓಣಿಯವು, ಒಂದರ ಹಿಂದೊಂದು ತಗ್ಗಿ ನಿಂತುಬಿಟ್ಟವು. ಆ ಊರಿನಲ್ಲಿ ಹಗಲು ಹೊತ್ತು ಅಷ್ಟು ಮೌನವನ್ನು ಅವಳು ಕೇಳಿರಲಿಲ್ಲ. ಎಲ್ಲೋ ಕೋಳಿಯೊಂದು ಕೆದರುವುದು ಕೇಳಿಸಿತು. ಆಫೀಸಿನ ಕಿಟಕಿ ತೆರೆದಿತ್ತು. ಒಳಗೆ ಯಾರಾದರೂ ಸಣ್ಣಗೆ ಮಾತಾಡಿದರೂ ಈಗ ರಸ್ತೆಗೆ ಸ್ಪಷ್ಟವಾಗಿ ಕೇಳುವಂತಿತ್ತು. ಕ್ಷಮಾ ಮೊಬೈಲನ್ನು ಎತ್ತಿ ಕಿವಿಗೆ ಒತ್ತಿಕೊಂಡಳು. ಆ ಕಡೆ ಯಾರೂ ಇರಲಿಲ್ಲ. "ಹಲೋ" ಎಂದಳು. "ಹಲೋ, ಕೇಳ್ಸಾಕತ್ತೇತಿ, ಹೇಳ್ರಿ" ಎಂದಳು ಇನ್ನೂ ಗಟ್ಟಿಯಾಗಿ, ಬನಹಟ್ಟಿಯವರ ಹಾಗೆ. ಡ್ರೈವರು ತಿರುಗಿ ನೋಡಿದ. ಅವಳು ನಿಲ್ಲಿಸಲಿಲ್ಲ.